ಅನಿಮೆ ರೀಕ್ಯಾಪ್ ಸಿನಿಮಾ ನೋಡಿದರೆ ಸಾಕಾ? ನೋಡಿದವರು ಅನುಭವ ಹೇಳಿ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ ಅನಿಮೆ, ಅಂದರೆ ಜಪಾನಿನ ಕಾರ್ಟೂನ್ ಸರಣಿಗಳ ಹುಚ್ಚು. ಮನೆಗೆ ಬಂದಾಗಲೆಲ್ಲ "ಅಕ್ಕಾ, ಅಟ್ಯಾಕ್ ಆನ್ ಟೈಟನ್ ನೋಡು, ಮಡೋಕಾ ನೋಡು" ಅಂತ ಪ್ರಾಣ ತಿನ್ನುತ್ತಾನೆ. ನೋಡುವ ಆಸೆ ನನಗೂ ಇದೆ. ಆದರೆ ಕೆಲಸ, ಅಡುಗೆ, ಮಗಳ ಹೋಂವರ್ಕ್ ಎಲ್ಲ ಮುಗಿದ ಮೇಲೆ ನನಗೆ ಉಳಿಯುವುದು ರಾತ್ರಿ ಒಂದೂವರೆ ಗಂಟೆ. ಅಟ್ಯಾಕ್ ಆನ್ ಟೈಟನ್ 90ರ ಹತ್ತಿರ ಎಪಿಸೋಡ್ ಅಂತೆ! ಅದೇ ಕಥೆಯನ್ನು ಎರಡು ಗಂಟೆಗೆ ಇಳಿಸಿದ ರೀಕ್ಯಾಪ್ ಸಿನಿಮಾಗಳೂ ಇವೆ ಅಂತ ಈಗ ಗೊತ್ತಾಯಿತು. ತಮ್ಮನನ್ನು ಕೇಳಿದರೆ "ಅದೆಲ್ಲ ದುಡ್ಡು ಮಾಡೋಕೆ ಮಾಡಿದ್ದು, ಮುಟ್ಟಬೇಡ" ಅಂತಾನೆ. ನಿಜವಾ? ಕಥೆ ಮಾತ್ರ ಬಿಟ್ಟುಕೊಡಬೇಡಿ, ಪ್ಲೀಸ್.

ರಾತ್ರಿಪಾಳಿ:
ನಿಮ್ಮ ತಮ್ಮ ಹೇಳಿದ್ದು ಅರ್ಧ ನಿಜ. ಅಟ್ಯಾಕ್ ಆನ್ ಟೈಟನ್‌ಗೆ ಬೇಡ. ಮಡೋಕಾ ಆದರೆ ಧಾರಾಳವಾಗಿ ನೋಡಿ. ವಿವರ ಬೇರೆಯವರು ಬರೆಯಲಿ, ನಾನು ಶಿಫ್ಟ್‌ಗೆ ಹೊರಟೆ.

ಕಾಫಿಪುಡಿ:
ಸರಿ, ವಿವರ ನಾನು ಬರೆಯುತ್ತೇನೆ.

ಮೇಡಂ, ರೀಕ್ಯಾಪ್ ಸಿನಿಮಾ ಒಳ್ಳೆಯದಾ ಕೆಟ್ಟದ್ದಾ ಅಂತ ಒಟ್ಟಿಗೆ ಕೇಳಿದರೆ ಉತ್ತರ ಸಿಗುವುದಿಲ್ಲ. ಎಷ್ಟು ನಿಮಿಷದ್ದನ್ನು ಎಷ್ಟು ನಿಮಿಷಕ್ಕೆ ಇಳಿಸಿದ್ದಾರೆ, ಅದನ್ನು ಮೊದಲು ನೋಡಿ. ಟಿವಿಯ ಒಂದು ಎಪಿಸೋಡ್ ಸುಮಾರು 24 ನಿಮಿಷ. ಶುರುವಿನ ಹಾಡಿಗೆ ಒಂದೂವರೆ ನಿಮಿಷ, ಕೊನೆಯ ಹಾಡಿಗೆ ಒಂದೂವರೆ ನಿಮಿಷ ಹೋಯಿತು. ಉಳಿಯುವ ಕಥೆ 21 ನಿಮಿಷ. ಇದನ್ನಿಟ್ಟುಕೊಂಡು ಲೆಕ್ಕ ಹಾಕೋಣ.

ಮಡೋಕಾ ಮ್ಯಾಜಿಕಾ 2011ರಲ್ಲಿ ಟಿವಿಯಲ್ಲಿ ಬಂತು, 12 ಎಪಿಸೋಡ್. ಹಾಡು ಕಳೆದರೆ 250 ನಿಮಿಷದ ಕಥೆ. 2012ರ ಅಕ್ಟೋಬರ್‌ನಲ್ಲಿ ಅದನ್ನೇ ಎರಡು ಸಿನಿಮಾ ಮಾಡಿದರು. ಮೊದಲನೆಯದು 130 ನಿಮಿಷ, ಎರಡನೆಯದು 110ರ ಹತ್ತಿರ. ಎರಡೂ ಸೇರಿದರೆ ಹೆಚ್ಚುಕಮ್ಮಿ 4 ಗಂಟೆ. ಅಂದರೆ ಕೈಬಿಟ್ಟುಹೋಗಿದ್ದು ಬರೀ ಹತ್ತು ಹದಿನೈದು ನಿಮಿಷ! ಅಷ್ಟೇ ಅಲ್ಲ, ಟಿವಿಯಲ್ಲಿ ಅವಸರದಲ್ಲಿ ಬರೆದಿದ್ದ ಎಷ್ಟೋ ಚಿತ್ರಗಳನ್ನು ಇಲ್ಲಿ ತಿದ್ದಿದ್ದಾರೆ. ಹುಡುಗಿಯರು ವೇಷ ಬದಲಿಸುವ ದೃಶ್ಯಗಳನ್ನು ಹೊಸದಾಗಿ ಮಾಡಿದ್ದಾರೆ. ಯುಕಿ ಕಜಿಯುರಾ ಅವರ ಸಂಗೀತ ಒಳ್ಳೆಯ ಹೆಡ್‌ಫೋನ್‌ನಲ್ಲಿ ಇನ್ನೂ ಚೆನ್ನಾಗಿ ಕೇಳುತ್ತದೆ. ಇದನ್ನು ದುಡ್ಡಿಗಾಗಿ ಮಾಡಿದ ತೇಪೆ ಕೆಲಸ ಅಂತ ಅಂದರೆ ನಾನು ಒಪ್ಪುವುದಿಲ್ಲ. 2013ರಲ್ಲಿ ಬಂದ ಮೂರನೇ ಸಿನಿಮಾ ಪೂರ್ತಿ ಹೊಸ ಕಥೆ. ಅದನ್ನು ಕೊನೆಗೆ ನೋಡಿ.

ಒಂದೇ ಒಂದು ನಷ್ಟ ಇದೆ. ಟಿವಿಯಲ್ಲಿ ಮೂರನೇ ಎಪಿಸೋಡಿನ ಕೊನೆಗೆ ಒಂದು ಘಟನೆ ನಡೆಯುತ್ತದೆ. ಏನು ಅಂತ ಹೇಳಲ್ಲ. ಅವತ್ತು ಟಿವಿಯಲ್ಲಿ ನೋಡಿದವರು ಆ ಹೊಡೆತವನ್ನು ಒಂದು ವಾರ ಹೊಟ್ಟೆಯಲ್ಲಿ ಇಟ್ಟುಕೊಂಡು ಓಡಾಡಿದ್ದಾರೆ. ಸಿನಿಮಾದಲ್ಲಿ ಅದು ಅರ್ಧಕ್ಕೆ ಮುಂಚೆಯೇ ಬರುತ್ತದೆ, ಕಥೆ ನಿಲ್ಲದೆ ಮುಂದಕ್ಕೆ ಹೋಗಿಬಿಡುತ್ತದೆ. ಬಂದಾಗ ನಿಮಗೇ ಗೊತ್ತಾಗುತ್ತದೆ. ಅಲ್ಲಿ ಪಾಸ್ ಒತ್ತಿ, ಲ್ಯಾಪ್‌ಟಾಪ್ ಮುಚ್ಚಿ, ಬಾಕಿ ನಾಳೆ ನೋಡಿ.

ಈಗ ಅಟ್ಯಾಕ್ ಆನ್ ಟೈಟನ್. ಮೊದಲ ಸೀಸನ್ 25 ಎಪಿಸೋಡ್, ಅಂದರೆ ಹತ್ತಿರ ಹತ್ತಿರ 9 ಗಂಟೆ. ಅದನ್ನು 2014 ಮತ್ತು 2015ರಲ್ಲಿ ತಲಾ ಎರಡು ಗಂಟೆಯ ಎರಡು ಸಿನಿಮಾ ಮಾಡಿದರು. ಅರ್ಧಕ್ಕಿಂತ ಜಾಸ್ತಿ ಹೋಯಿತು. ಎರಡನೇ ಸೀಸನ್‌ಗೆ 2018ರಲ್ಲಿ ಇನ್ನೊಂದು ಸಿನಿಮಾ ಬಂತು. ಆಮೇಲೆ 2020ರಲ್ಲಿ 'ಕ್ರಾನಿಕಲ್' ಅಂತ ಒಂದು. ಇದು ಮೂರು ಸೀಸನ್, 59 ಎಪಿಸೋಡ್, 20 ಗಂಟೆಗೂ ಮೀರಿದ ಕಥೆಯನ್ನು ಎರಡು ಗಂಟೆಯಲ್ಲಿ ಮುಗಿಸುತ್ತದೆ. ಹತ್ತರಲ್ಲಿ ಒಂದು ಪಾಲು! ಯಾರು ಸತ್ತರು, ಯಾರು ಯಾಕೆ ಅತ್ತರು ಅಂತ ನೋಡುವಷ್ಟರಲ್ಲಿ ಮುಂದಿನ ಗೋಡೆ ಬಿದ್ದಿರುತ್ತದೆ.

ನಿಮ್ಮ ತಮ್ಮನಿಗೆ ಈ ಸರಣಿ ಯಾಕೆ ಅಷ್ಟು ಇಷ್ಟ ಅಂತ ಗೊತ್ತಾಗಬೇಕಾದರೆ ಒಂದು ಚಿಕ್ಕ ದೃಶ್ಯ ಹೇಳುತ್ತೇನೆ, ಕಥೆ ಬಿಟ್ಟುಕೊಟ್ಟ ಹಾಗೆ ಆಗಲ್ಲ. ಎರೆನ್ ಅನ್ನುವ ಹುಡುಗ ಚಮಚ ಕೆಳಗೆ ಬೀಳಿಸುತ್ತಾನೆ. ಎತ್ತಿಕೊಳ್ಳೋಕೆ ಕೈ ಚಾಚುತ್ತಾನೆ. ಅಷ್ಟಕ್ಕೇ ಒಂದು ಅನಾಹುತ ಆಗುತ್ತದೆ. ಜೊತೆಯಲ್ಲಿದ್ದ ಸೈನಿಕರು ಹೆದರಿ ಅವನ ಮೇಲೇ ಕತ್ತಿ ಹಿಡಿಯುತ್ತಾರೆ. ಆಮೇಲೆ ತಪ್ಪು ತಿಳಿದು, ಆ ನಾಲ್ಕೂ ಜನ ಅವನ ಹಾಗೇ ತಮ್ಮ ತಮ್ಮ ಕೈಯನ್ನು ತಾವೇ ಕಚ್ಚಿಕೊಳ್ಳುತ್ತಾರೆ. ಅದೇ ಅವರು ಕೇಳುವ ಕ್ಷಮೆ. ನೋವಿಗೆ ಮುಖ ಹಿಂಡಿಕೊಳ್ಳುತ್ತಾ "ಇದನ್ನು ನೀನು ಹೇಗಪ್ಪಾ ಮಾಡ್ತೀಯ" ಅಂತ ಅವನನ್ನು ಕೇಳುತ್ತಾರೆ. ಕಥೆ ಓಡೋಕೆ ಈ ದೃಶ್ಯ ಬೇಕಾಗಿಲ್ಲ. ಆದರೆ ಮುಂದೆ ಆ ನಾಲ್ವರಿಗೆ ಏನಾದರೂ ಆದರೆ ನಿಮ್ಮ ಕರುಳು ಚುರುಕ್ ಅನ್ನಬೇಕಾದರೆ ಇದು ಬೇಕೇ ಬೇಕು. ನಿಮಿಷ ಉಳಿಸಲು ಕೂತವರ ಕತ್ತರಿಗೆ ಮೊದಲು ಸಿಗುವುದು ಇಂಥವೇ.

ಇನ್ನೂ ಒಂದು ತೊಡಕಿದೆ, ಇದನ್ನು ಯಾರೂ ಹೇಳುವುದಿಲ್ಲ. 'ಕ್ರಾನಿಕಲ್' ಮೂರನೇ ಸೀಸನ್‌ಗೆ ನಿಲ್ಲುತ್ತದೆ. 2024ರಲ್ಲಿ ಬಂದ 'ದ ಲಾಸ್ಟ್ ಅಟ್ಯಾಕ್' ಕಥೆಯ ಕೊನೆಯ ಎರಡು ವಿಶೇಷ ಕಂತುಗಳನ್ನು ಮಾತ್ರ ಸೇರಿಸಿದ್ದು. ಮಧ್ಯದ 28 ಎಪಿಸೋಡ್‌ಗೆ ಸಿನಿಮಾನೇ ಇಲ್ಲ. ಬರೀ ಸಿನಿಮಾ ನೋಡಿಕೊಂಡು ಈ ಕಥೆ ದಾಟೋಕೆ ಆಗಲ್ಲ, ನಡುವೆ ದೊಡ್ಡ ಹಳ್ಳ ಇದೆ.

ಮತ್ತೆ ನಿಮ್ಮ ಒಂದೂವರೆ ಗಂಟೆ. ಎರಡು ಗಂಟೆಯ ಸಿನಿಮಾ ಅದರಲ್ಲಿ ಹಿಡಿಸುವುದಿಲ್ಲ. ಹಾಡು ಬಂದಾಗ ಸ್ಕಿಪ್ ಒತ್ತಿದರೆ 4 ಎಪಿಸೋಡ್ ಆರಾಮಾಗಿ ಹಿಡಿಸುತ್ತದೆ. ಮಡೋಕಾ ಸರಣಿಯನ್ನೇ ಹಿಡಿದರೂ ಮೂರು ರಾತ್ರಿಯ ಕೆಲಸ.

ಕಡಲತಡಿ:
ಕಾಫಿಪುಡಿ ಅವರ ಲೆಕ್ಕ ಸರಿ ಇದೆ. ಆದರೆ ನಿಮಿಷದ ಲೆಕ್ಕವೇ ಪೂರ್ತಿ ಅಲ್ಲ. ನಮ್ಮ ಕಡೆ ಇಡೀ ರಾತ್ರಿಯ ಯಕ್ಷಗಾನವನ್ನು ಕಾಲಮಿತಿಗೆ ಇಳಿಸುತ್ತಾರಲ್ಲ, ಅದರಲ್ಲೂ ಎರಡು ಬಗೆ. ಪ್ರಸಂಗ ಅರೆದು ಕುಡಿದ ಭಾಗವತರು ಕೂತು ಪದ್ಯ ಆರಿಸಿದರೆ ಮೂರು ಗಂಟೆಯ ಆಟಕ್ಕೂ ಅದರದೇ ಕಳೆ ಬರುತ್ತದೆ. ಸುಮ್ನೆ ಗಡಿಯಾರ ನೋಡಿಕೊಂಡು ಕತ್ತರಿಸಿದರೆ ವೇಷ ಬಂದು ಹೋಗುವುದೇ ಕಾಣುತ್ತದೆ. ಹಾಗಾಗಿ ಕತ್ತರಿ ಯಾರ ಕೈಯಲ್ಲಿತ್ತು ಅಂತಲೂ ಕೇಳಬೇಕು.

ಇದಕ್ಕೆ ನನ್ನ ಉದಾಹರಣೆ ಮೊದಲ ಗಂಡಮ್, ದೈತ್ಯ ರೋಬೋಟ್‌ಗಳ ಯುದ್ಧದ ಸರಣಿ. 1979ರಲ್ಲಿ ಟಿವಿಯಲ್ಲಿ ಶುರುವಾಯಿತು. 52 ಎಪಿಸೋಡ್ ಅಂತ ಇದ್ದದ್ದು, ನೋಡುವವರು ಕಡಿಮೆ, ಆಟಿಕೆಯೂ ಹೋಗಲಿಲ್ಲ ಅಂತ 43ಕ್ಕೆ ನಿಲ್ಲಿಸಿದರು. ಮರುಪ್ರಸಾರ ಆದಾಗ, ಬಂಡಾಯಿ ಕಂಪನಿಯ ಜೋಡಿಸುವ ಮಾದರಿಗಳು ಅಂಗಡಿಗೆ ಬಂದಾಗ ಜನ ಮುಗಿಬಿದ್ದರು. 1981ರಲ್ಲಿ ಎರಡು, 1982ರಲ್ಲಿ ಒಂದು, ಹೀಗೆ ಮೂರು ಸಿನಿಮಾ ಬಂದವು. ಸರಣಿ ಮಾಡಿದ ಯೊಶಿಯುಕಿ ಟೊಮಿನೊ ಅವರೇ ಇವಕ್ಕೂ ನಿರ್ದೇಶಕರು.

43 ಎಪಿಸೋಡ್ ಹೋಗಿ ಸುಮಾರು 7 ಗಂಟೆ ಆಯಿತು. ಲೆಕ್ಕದ ಪ್ರಕಾರ ಅರ್ಧಕ್ಕಿಂತ ಜಾಸ್ತಿ ಹೋಗಿದೆ. ಆದರೂ ನಾನು ಸಿನಿಮಾನೇ ನೋಡಿ ಅನ್ನುತ್ತೇನೆ. ಯಾಕೆ ಅಂದರೆ ಹೋದದ್ದರಲ್ಲಿ ಬೇಡದ್ದೇ ಬಹಳ ಇತ್ತು. ಟಿವಿ ಸರಣಿಗೆ ದುಡ್ಡು ಹಾಕಿದ್ದು ಆಟಿಕೆ ಕಂಪನಿ. ಅದಕ್ಕಾಗಿ ಜಿ-ಆರ್ಮರ್ ಅಂತ ಒಂದು ವಾಹನ ತೂರಿಸಿದ್ದರು. ಬಿಡಿಸಿ, ಜೋಡಿಸಿ, ಮತ್ತೆ ಬಿಡಿಸಿ ತೋರಿಸುವುದೇ ಅದರ ಕೆಲಸ. ಸಿನಿಮಾದಲ್ಲಿ ಟೊಮಿನೊ ಅದನ್ನು ಕಿತ್ತು ಹಾಕಿದರು, ಬದಲಿಗೆ ಕೋರ್ ಬೂಸ್ಟರ್ ಅಂತ ಒಂದು ಸಾದಾ ಯುದ್ಧವಿಮಾನ ತಂದರು. ಅಷ್ಟರಿಂದಲೇ ಯುದ್ಧ ಯುದ್ಧದ ಹಾಗೆ ಕಾಣುತ್ತದೆ. ಇನ್ನು ಮೂರನೇ ಸಿನಿಮಾ. ಪಾತ್ರಗಳ ಚಿತ್ರ ಬರೆದ ಯೊಶಿಕಾಜು ಯಾಸುಹಿಕೊ ಟಿವಿ ಸರಣಿಯ ಕೊನೆಯ ಹೊತ್ತಿಗೆ ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದ್ದರು. ಅವರಿಲ್ಲದೆ ಹೇಗೋ ಮುಗಿಸಿದ ಭಾಗಗಳನ್ನು ಈ ಸಿನಿಮಾಕ್ಕಾಗಿ ಅವರೇ ಕೂತು ಮತ್ತೆ ಬರೆದರು. ಟಿವಿಯ ಕೊನೆಯ ಎಪಿಸೋಡ್ ಮತ್ತು ಈ ಸಿನಿಮಾ ಎರಡನ್ನೂ ಪಕ್ಕ ಪಕ್ಕ ಹಾಕಿ, ಮುಖಗಳನ್ನು ನೋಡಿ ಸಾಕು.

ಹೋಗಬಾರದ್ದೂ ಒಂದೆರಡು ಹೋಗಿದೆ ಅನ್ನಿ. 15ನೇ ಎಪಿಸೋಡಿನ ಕುಕುರುಸ್ ದೋನ್‌ನ ದ್ವೀಪದ ಕಥೆ ಸಿನಿಮಾದಲ್ಲಿ ಇಲ್ಲವೇ ಇಲ್ಲ. 2022ರಲ್ಲಿ ಅದನ್ನೇ ಬೇರೆ ಸಿನಿಮಾ ಮಾಡಿದರು. ನಿರ್ದೇಶನ ಅದೇ ಯಾಸುಹಿಕೊ.

ಆಗ ಕಾಲವೂ ಬೇರೆ ಇತ್ತು, ಇದು ನೆನಪಿರಲಿ. ಮನೆಯಲ್ಲಿ ರೆಕಾರ್ಡ್ ಮಾಡಿ ನೋಡುವುದು ಎಲ್ಲರಿಗೂ ಆಗುವಂಥದ್ದಾಗಿರಲಿಲ್ಲ. ಒಮ್ಮೆ ಟಿವಿಯಲ್ಲಿ ಬಂದು ಹೋದದ್ದನ್ನು ಮತ್ತೆ ನೋಡಬೇಕಾದರೆ ಮರುಪ್ರಸಾರ ಕಾಯಬೇಕು, ಇಲ್ಲ ಥಿಯೇಟರ್‌ಗೆ ಹೋಗಬೇಕು. 1974ರಲ್ಲಿ ಯಮಾಟೊ ಅನ್ನುವ ಬಾಹ್ಯಾಕಾಶ ಹಡಗಿನ ಸರಣಿ ಟಿವಿಯಲ್ಲಿ ಸೋತಿತ್ತು. ಅದೇ ಹೊತ್ತಿಗೆ ಬೇರೆ ಚಾನೆಲ್‌ನಲ್ಲಿ ಹೈಡಿ ಬರುತ್ತಿತ್ತು, ಮಕ್ಕಳು ಅಲ್ಲಿ ಕೂತರು. 1977ರಲ್ಲಿ ಅದನ್ನೇ ಸಿನಿಮಾ ಮಾಡಿದಾಗ ಟೋಕಿಯೊದಲ್ಲಿ ಹಿಂದಿನ ರಾತ್ರಿಯಿಂದಲೇ ಸಾಲು ನಿಂತರು. ಆಗಿನ ರೀಕ್ಯಾಪ್ ಸಿನಿಮಾಕ್ಕೆ ಒಂದು ಅಗತ್ಯ ಇತ್ತು. ಈಗ ಸರಣಿಯೂ ಸಿನಿಮಾವೂ ಒಂದೇ ಫೋನ್‌ನಲ್ಲಿ ಸಿಗುವಾಗ ಆ ಅಗತ್ಯ ಇಲ್ಲ.

ಇದಕ್ಕೆ ತದ್ವಿರುದ್ಧ ಇಸಾವೊ ತಕಹಾತ. ಅವರು 1979ರಲ್ಲಿ 'ಆನ್ ಆಫ್ ಗ್ರೀನ್ ಗೇಬಲ್ಸ್' ಕಾದಂಬರಿಯನ್ನು 50 ಎಪಿಸೋಡ್ ಸರಣಿ ಮಾಡಿದ್ದರು. ಅದರಿಂದ ಸಿನಿಮಾ ಮಾಡುವಾಗ ಮೊದಲ 6 ಎಪಿಸೋಡ್ ಮಾತ್ರ ತೆಗೆದುಕೊಂಡು 100 ನಿಮಿಷಕ್ಕೆ ನಿಲ್ಲಿಸಿದರು. ಆ ಅನಾಥ ಹುಡುಗಿ ಹೊಸ ಮನೆಯಲ್ಲಿ ಉಳಿಯುತ್ತಾಳಾ ಇಲ್ವಾ, ಅಷ್ಟೇ ಕಥೆ. ಎಲ್ಲೂ ಅವಸರ ಇಲ್ಲ. 2010ರಲ್ಲಿ ತೆರೆಗೆ ಬಂತು. ನಿಮ್ಮ ಮಗಳ ಜೊತೆ ನೋಡಬಹುದು, ಸಿಕ್ಕರೆ ಬಿಡಬೇಡಿ.

ಪಾಪ್‌ಕಾರ್ನ್:
ನಾನಿರುವುದು ಟೊರಾಂಟೊದಲ್ಲಿ. ಥಿಯೇಟರ್‌ನಲ್ಲಿ ನೋಡುವವರಿಗೆ ಒಂದು ಮಾತು. ಡೀಮನ್ ಸ್ಲೇಯರ್ ಹೆಸರಲ್ಲಿ ಬರುವುದೆಲ್ಲ ಒಂದೇ ಥರದ್ದಲ್ಲ. 2023ರ 'ಟು ದ ಸ್ವೋರ್ಡ್‌ಸ್ಮಿತ್ ವಿಲೇಜ್' ಅಂದರೆ ಹಿಂದಿನ ಸೀಸನ್‌ನ ಕೊನೆಯ ಎರಡು ಎಪಿಸೋಡ್, ಅದಕ್ಕೆ ಮುಂದಿನ ಸೀಸನ್‌ನ ಮೊದಲ ಎಪಿಸೋಡ್ ಗಂಟು ಹಾಕಿದ್ದು. 2024ರ 'ಟು ದ ಹಶಿರಾ ಟ್ರೇನಿಂಗ್' ಕೂಡ ಹೀಗೇ, ಹಿಂದಿನದರ ಕೊನೆ, ಮುಂದಿನದರ ಶುರು.

ಮೊದಲನೆಯದಕ್ಕೆ ಭಾವನನ್ನು ಕರೆದುಕೊಂಡು ಹೋಗಿದ್ದೆ. ಅವರು ಸರಣಿ ನೋಡಿದವರಲ್ಲ. ತೆರೆ ಎದ್ದ ಕೂಡಲೇ ದೊಡ್ಡ ಯುದ್ಧ, ಎಲ್ಲರೂ ರಕ್ತದಲ್ಲಿ ಮುಳುಗಿದ್ದಾರೆ. ಹಾಲ್ ಇಡೀ ಉಸಿರು ಹಿಡಿದು ಕೂತಿದೆ. ಭಾವ ನನ್ನ ಕಿವಿಯಲ್ಲಿ "ಇವರಲ್ಲಿ ನಮ್ಮವರು ಯಾರು?" ಅಂತ ಕೇಳಿದರು. ಸರಣಿ ಗೊತ್ತಿದ್ದ ನನಗೆ ಮಾತ್ರ ಅಷ್ಟು ದೊಡ್ಡ ಪರದೆ, ಅಷ್ಟು ದೊಡ್ಡ ಸೌಂಡ್‌ನಲ್ಲಿ ಮತ್ತೆ ನೋಡಿದ್ದಕ್ಕೆ ಕೊಟ್ಟ ದುಡ್ಡು ದಂಡ ಅನ್ನಿಸಲಿಲ್ಲ.

ಇದಕ್ಕೂ 'ಇನ್ಫಿನಿಟಿ ಕ್ಯಾಸಲ್'ಗೂ ಗಂಟು ಹಾಕಬೇಡಿ. ಅದು 2025ರ ಸೆಪ್ಟೆಂಬರ್‌ನಲ್ಲಿ ಭಾರತದಲ್ಲಿ ಹಿಂದಿ, ತಮಿಳು, ತೆಲುಗಿನಲ್ಲೂ ಬಂತಲ್ಲ, ಅದು ಪೂರ್ತಿ ಹೊಸ ಭಾಗ. ಹಿಂದಿನದೆಲ್ಲ ಗೊತ್ತಿರಲೇಬೇಕು. 2019ರ 26 ಎಪಿಸೋಡ್, 'ಮುಗೆನ್ ಟ್ರೇನ್', ಆಮೇಲೆ 11, ಇನ್ನೊಂದು 11, ಕೊನೆಗೆ 8. 'ಮುಗೆನ್ ಟ್ರೇನ್' ಮಾತ್ರ ಉಲ್ಟಾ ಕೇಸು. ಅದು 2020ರಲ್ಲಿ ಮೊದಲು ಸಿನಿಮಾ ಆಗಿ ಬಂತು, 2021ರಲ್ಲಿ ಅದನ್ನೇ 7 ಎಪಿಸೋಡ್ ಮಾಡಿ ಟಿವಿಗೆ ಹಾಕಿದರು. ಎರಡರಲ್ಲಿ ಒಂದು ನೋಡಿದರೆ ಸಾಕು. ನಾನಾದರೆ ಸಿನಿಮಾ ಅಂತೀನಿ.

ಬ್ಯಾಕ್‌ಲಾಗ್:
ಪಾಪ್‌ಕಾರ್ನ್ ಅವರು ಹೇಳಿದ ಹಾಗೆ, ಯಾವುದು ರೀಕ್ಯಾಪ್, ಯಾವುದು ಹೊಸ ಕಥೆ ಅಂತ ತಿಳಿಯದೆ ಜನ ಜಾಸ್ತಿ ಎಡವುವುದು 'ಮೇಡ್ ಇನ್ ಅಬಿಸ್'ನಲ್ಲಿ. 2019ರ ಜನವರಿಯಲ್ಲಿ ಬಂದ ಎರಡು ಸಿನಿಮಾ ಮೊದಲ ಸೀಸನ್‌ನ 13 ಎಪಿಸೋಡಿನ ರೀಕ್ಯಾಪ್. ಸರಣಿ ನೋಡಿದ್ದರೆ ಬಿಡಬಹುದು. 2020ರಲ್ಲಿ ಬಂದ ಮೂರನೆಯದು 'ಡಾನ್ ಆಫ್ ದ ಡೀಪ್ ಸೋಲ್'. ಅದು ಹೊಸ ಕಥೆ, 2022ರ ಎರಡನೇ ಸೀಸನ್ ಅಲ್ಲಿಂದಲೇ ಮುಂದುವರಿಯುತ್ತದೆ. "ಇದೂ ರೀಕ್ಯಾಪೇ ಇರಬೇಕು" ಅಂತ ಹಾರಿಸಿದವರು ಎರಡನೇ ಸೀಸನ್ ಶುರು ಮಾಡಿ ಕಣ್ಣು ಕಣ್ಣು ಬಿಡುತ್ತಾರೆ. ಮೇಡಂ, ಇದರ ಪೋಸ್ಟರ್‌ನಲ್ಲಿ ಮುದ್ದು ಮಕ್ಕಳಿದ್ದಾರೆ ಅಂತ ಮಗಳಿಗೆ ತೋರಿಸಬೇಡಿ. ದೊಡ್ಡವರೇ ಕಣ್ಣು ಮುಚ್ಚಿಕೊಳ್ಳುವಂಥ ಕ್ರೌರ್ಯ ಇದೆ.

'ಕೋಡ್ ಗಿಯಾಸ್' ಇನ್ನೊಂದು ಥರ. 50 ಎಪಿಸೋಡ್ ಸರಣಿಯನ್ನು 2017-18ರಲ್ಲಿ ಮೂರು ಸಿನಿಮಾ ಮಾಡಿದರು. ಮಾಡುವಾಗ ಕಥೆಯನ್ನೇ ಅಲ್ಲಲ್ಲಿ ತಿರುಗಿಸಿದರು. ಒಂದು ಪಾತ್ರದ ಹಣೆಬರಹವೇ ಬೇರೆ ಆಗಿದೆ, ಯಾರು ಅಂತ ಹೇಳಿದರೆ ನೀವು ಬಯ್ಯುತ್ತೀರಿ. 2019ರಲ್ಲಿ ಬಂದ ಮುಂದಿನ ಸಿನಿಮಾ ಈ ಬದಲಾದ ಕಥೆಯ ಬೆನ್ನು ಹಿಡಿದು ಹೋಗುತ್ತದೆ. ಸರಣಿಯನ್ನು ಮಾತ್ರ ನೋಡಿದವರಿಗೆ "ಇವರು ಇಲ್ಲಿಗೆ ಹೇಗೆ ಬಂದರು?" ಅನ್ನಿಸುತ್ತದೆ. ಆದರೂ ಮೊದಲು ಸರಣಿ ನೋಡಿ ಅಂತಲೇ ನನ್ನ ಮಾತು. ಬೇಕಾದರೆ ಆಮೇಲೆ ಮೂರೂ ಸಿನಿಮಾ ನೋಡಿ.

(ಪ್ರಶ್ನೆ ಕೇಳಿದವಳು):
ಎಲ್ಲರಿಗೂ ಥ್ಯಾಂಕ್ಸ್. ಇಷ್ಟೆಲ್ಲ ಇದೆ ಅಂತ ಗೊತ್ತೇ ಇರಲಿಲ್ಲ. ಇನ್ನೊಂದು ಕೇಳಲಾ? ಯೂಟ್ಯೂಬ್‌ನಲ್ಲಿ ಕನ್ನಡದಲ್ಲೇ ಪೂರ್ತಿ ಕಥೆ ಹೇಳುವ ವಿಡಿಯೋ ಇರುತ್ತವಲ್ಲ, ಅಟ್ಯಾಕ್ ಆನ್ ಟೈಟನ್‌ಗೆ ಅದು ಸಾಕಾ? ಅಡುಗೆ ಮಾಡುತ್ತಾ ಕೇಳಬಹುದು.

ಕಾಫಿಪುಡಿ:
ತಮ್ಮನ ಬಾಯಿ ಮುಚ್ಚಿಸೋಕೆ ಸಾಕು! ಕಥೆ ಏನು ಅಂತ ಗೊತ್ತಾಗುತ್ತದೆ, ಸರಣಿ ಹೇಗಿದೆ ಅಂತ ಗೊತ್ತಾಗಲ್ಲ. ಮೇಲಾಗಿ ಅಟ್ಯಾಕ್ ಆನ್ ಟೈಟನ್‌ನ ಜೀವ ಇರುವುದೇ ಗುಟ್ಟಿನಲ್ಲಿ. ನೆಲಮಾಳಿಗೆಯಲ್ಲಿ ಏನಿದೆ ಅನ್ನುವುದನ್ನು ಒಗ್ಗರಣೆ ಹಾಕುವಾಗ ಕೇಳಿಸಿಕೊಂಡುಬಿಟ್ಟರೆ ಆಮೇಲೆ ಸರಣಿ ನೋಡೋಕೆ ಮನಸ್ಸೇ ಬರಲ್ಲ. ಮೊದಲ ನಾಲ್ಕು ಎಪಿಸೋಡ್ ನೋಡಿ, ಒಂದು ರಾತ್ರಿಯ ಮಾತು. ಹಿಡಿಸದಿದ್ದರೆ ಆಗ ವಿಡಿಯೋ ಕೇಳಿ ಮುಗಿಸಿ. 13ನೇ ಎಪಿಸೋಡ್ ಆದ ಮೇಲೆ 13.5 ಅಂತ ಒಂದು ಸಿಗಬಹುದು. ಅದು ಹಿಂದಿನದನ್ನೇ ಮತ್ತೆ ತೋರಿಸುವ ಕಂತು, ಹಾರಿಸಿ.

ವಾಲಿಬಾಲ್ ಕೋಚ್:
ಎಲ್ಲರೂ ಕಥೆಯ ಬಗ್ಗೆಯೇ ಹೇಳಿದಿರಿ. ಆಟದ ಅನಿಮೆಗೆ ರೀಕ್ಯಾಪ್ ಬೇರೆ ಥರ ಕೆಲಸ ಮಾಡುತ್ತದೆ. 'ಹೈಕ್ಯೂ' ನೋಡಿ. 2015ರಿಂದ 2017ರ ಒಳಗೆ ನಾಲ್ಕು ರೀಕ್ಯಾಪ್ ಸಿನಿಮಾ ಬಂದವು. ಮೂರನೆಯದು ಎರಡನೇ ಸೀಸನ್‌ನ 25 ಎಪಿಸೋಡನ್ನು ಒಂದೇ ಸಿನಿಮಾಕ್ಕೆ ತುಂಬಿದ್ದು. ಯಾವ ಪಂದ್ಯವೂ ನೆಟ್ಟಗೆ ಕಾಣಲ್ಲ, ಸ್ಕೋರ್ ಬೋರ್ಡ್ ಓದಿದ ಹಾಗಾಗುತ್ತದೆ. ನಾಲ್ಕನೆಯದು ಮೂರನೇ ಸೀಸನ್‌ದು. ಆ ಸೀಸನ್ ಇರುವುದೇ 10 ಎಪಿಸೋಡ್, ಹತ್ತೂ ಒಂದೇ ಪಂದ್ಯ, ಶಿರಾಟೊರಿಜಾವ ತಂಡದ ಎದುರು. ಟಿವಿಯಲ್ಲಿ ಪ್ರತಿ ಇಪ್ಪತ್ತು ನಿಮಿಷಕ್ಕೆ ಪಂದ್ಯ ನಿಂತು, ಹಾಡು ಬಂದು, ಮತ್ತೆ ಶುರುವಾಗುತ್ತಿತ್ತು. ಸಿನಿಮಾದಲ್ಲಿ ಮೊದಲ ಸರ್ವ್‌ನಿಂದ ಕೊನೆಯ ಪಾಯಿಂಟ್‌ವರೆಗೆ ಒಂದೇ ಉಸಿರು. ಐದನೇ ಸೆಟ್ ಹೊತ್ತಿಗೆ ಆಟಗಾರರ ಕಾಲು ಎತ್ತೋಕೆ ಆಗದ ಸುಸ್ತು ನೋಡುವವರಿಗೂ ತಟ್ಟುತ್ತದೆ. ನಮ್ಮ ಹುಡುಗರಿಗೆ ನಾನು ತೋರಿಸುವುದು ಇದನ್ನೇ. 2024ರ 'ಡಂಪ್‌ಸ್ಟರ್ ಬ್ಯಾಟಲ್' ಮಾತ್ರ ರೀಕ್ಯಾಪ್ ಅಲ್ಲ, ಹೊಸ ಪಂದ್ಯ.

ಮೊದಲ ಬೆಂಚು:
'ಬೊಚ್ಚಿ ದ ರಾಕ್' ಕೂಡ 2024ರಲ್ಲಿ ಎರಡು ಸಿನಿಮಾ ಆಯಿತು. ಹಾಡಿಗೆ ಹೌದು, ತಮಾಷೆಗೆ ಇಲ್ಲ. ನಗು ಬರುವಷ್ಟರಲ್ಲಿ ಮುಂದಿನ ದೃಶ್ಯ ಬಂದಿರುತ್ತದೆ. 12 ಎಪಿಸೋಡ್ ಸರಣಿಯನ್ನೇ ನೋಡಿ.

ಸ್ಟೇಷನ್ ರೋಡ್:
ನಂದೂ ಒಂದು ಪ್ರಶ್ನೆ ಇಲ್ಲೇ ತೂರಿಸುತ್ತೇನೆ. ನೆಟ್‌ಫ್ಲಿಕ್ಸ್‌ನಲ್ಲಿ ಎವಾಂಗೆಲಿಯನ್ ಸರಣಿಯ ಪಕ್ಕದಲ್ಲಿ 'ಡೆತ್' ಅಂತ ಒಂದು ಸಿನಿಮಾ ತೋರಿಸುತ್ತದೆ. ಅದು ರೀಕ್ಯಾಪ್ ಅಂತೆ. ಮೊದಲು ಅದನ್ನು ನೋಡಿ, ಹಿಡಿಸಿದರೆ ಸರಣಿಗೆ ಹೋಗೋಣ ಅಂತಿದ್ದೇನೆ.

ಕಡಲತಡಿ:
ಬೇಡ ಮಾರಾಯ್ರೇ. ಸರಣಿಯ ಮೊದಲ 24 ಎಪಿಸೋಡನ್ನು ಒಂದು ಗಂಟೆ ಚಿಲ್ಲರೆಗೆ ಇಳಿಸಿದ್ದಾರೆ, ಅದೂ ಹಿಂದುಮುಂದು ಮಾಡಿ. ನಡುನಡುವೆ ನಾಲ್ಕು ಮಕ್ಕಳು ಪಿಟೀಲು, ಚೆಲ್ಲೋ ಹಿಡಿದು ಶ್ರುತಿ ಮಾಡಿಕೊಳ್ಳುವುದು ಬರುತ್ತದೆ. ಕಥೆ ಗೊತ್ತಿರುವ ನನಗೆ ಆ ಜೋಡಣೆ ಬಹಳ ಇಷ್ಟ. ಹೊಸಬರಿಗೆ ತಲೆಬುಡ ತಿಳಿಯಲ್ಲ, ಮುಖ್ಯ ಗುಟ್ಟೆಲ್ಲ ಮೊದಲೇ ಹೊರಗೆ ಬಿದ್ದಿರುತ್ತದೆ. 26 ಎಪಿಸೋಡ್ ನೋಡಿ, ಅದಾದ ಮೇಲೆ 'ದ ಎಂಡ್ ಆಫ್ ಎವಾಂಗೆಲಿಯನ್'. 'ಡೆತ್' ಬೇಕಿದ್ದರೆ ಆಮೇಲೆ ಯಾವಾಗಲಾದರೂ ನೋಡಿ, ನೋಡದಿದ್ದರೂ ನಷ್ಟ ಇಲ್ಲ. 2007ರಿಂದ ಬಂದ ನಾಲ್ಕು ಹೊಸ ಸಿನಿಮಾಗಳನ್ನು ರೀಕ್ಯಾಪ್ ಅಂದುಕೊಳ್ಳಬೇಡಿ. ಮೊದಲನೆಯದು ಸರಣಿಯ ಮೊದಲ 6 ಎಪಿಸೋಡಿನ ಹಾಗೇ ಕಾಣುತ್ತದೆ, ಎರಡನೆಯದರಿಂದ ದಾರಿ ಬೇರೆ.